ಕೌದಿಗೆ ಯಾವ ಹೊಲಿಗೆ?

ಪುಣೆಯಲ್ಲಿ ಹಳೆಯ ಅರಿವೆಗೂ ಬೆಲೆಯುಂಟು. ಭಾಂಡೆ ಹೊತ್ತು ಬರುವ ಹೆಂಗಸು ಹಳೆಯ ಸೀರೆ, ಧೋತರಗಳನ್ನು ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಆಕೆಯೊಡನೆ ಧಾರವಾಡದ ಕಡೆಯ ನಮ್ಮೂರಿನಿಂದ ಒಂದು ಅರಿವೆಗಂಟೂ ಬಂತು. ಒಂದು ರವಿವಾರ ಅವ್ವ ಗುಡಿಗೆ ಹೋದಾಗ ಆ ಗಂಟಿನೊಳಗಿನ ಆರು ಧೋತರ ಕೊಟ್ಟು ನಾನೇ ಒಂದು ಡಬ್ಬಿ ಕೊಂಡೆ. ಒಳ್ಳೆಯ ವ್ಯಾಪಾರವೆಂದು ಹೆಂಡತಿಯ ಮುಂದೆ ಹೇಳಿಕೊಂಡದ್ದೂ ಉಂಟು.

ಎಂಟು ದಿನದ ಮೇಲೆ ಅವ್ವ ಗಂಟು ಬಿಚ್ಚಿದಳು. ಅಪ್ಪನ ಧೋತರಗಳನ್ನು ಕೌದಿಗೆಂದು ಕೂಡಿಸಿಟ್ಟಿದ್ದಳಂತೆ. ಎಣಿಸಿದಳು, ಎರಡೇ ಉಳಿದಿದ್ದವು. ನಾನು ನಡೆದದ್ದನ್ನು ಹೇಳಿದೆ. ಆಕೆ ಡಬ್ಬಿಯನ್ನು ತಿರುವಿ ನೋಡಿ, “ಡಬ್ಬಿ ಛಲೋ ಐತಿ” ಎಂದಳು. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

ತಪ್ಪು ಮಾಡಿದವನಿಗೆ ಉತ್ಸಾಹ ಹೆಚ್ಚು. ಕೌದಿಯನ್ನು ಮಷೀನಿನಲ್ಲಿ ಹೊಲಿಸೋಣ, ಒಳಗೆ ಅರಳೆ ತುಂಬಿಸೋಣ, ಶಂಕರಪಾಳಿಯಂತೆ ಓರೆ ಗೆರೆ ಹಾಕಿಸೋಣ ಎಂದು ಸ್ಕೇಲು ಹಿಡಿದು ನಕ್ಷೆಯನ್ನೇ ಬರೆದು ತೋರಿಸಿದೆ. ಕಚೇರಿಯಲ್ಲಿ ಕಲಿತ ವಿದ್ಯೆ ಮತ್ತೆಲ್ಲಿ ಉಪಯೋಗಕ್ಕೆ ಬರಬೇಕು?

“ಅದು ರಜಾಯಿ ಆತಲ್ಲೊ ತಮ್ಮಾ” ಎಂದಳು ಅವ್ವ.

ಹೊಲಿಗೆ ಬರಿಯ ಚೆಲುವಿಗಲ್ಲವೆಂದು ಆಗ ತಿಳಿಯಿತು. ರಜಾಯಿಯ ಹೊಲಿಗೆ ಅರಳೆ ಸರಿದು ಗಂಟಾಗದಂತೆ ತಡೆಯಬೇಕು. ಸಾಲುಗಳು ದೂರವಿದ್ದರೂ ನಡೆದೀತು. ಕೌದಿಗೆ ಹಳೆಯ ಅರಿವೆಯ ಪದರುಗಳೇ ಮೈ. ಸವೆದ ಅರಿವೆಗಳು ಒಂದನ್ನೊಂದು ಹಿಡಿದು ನಿಲ್ಲಬೇಕಾದರೆ ಬೆರಳಗಲಕ್ಕೊಂದು ಸಾಲು ಬೇಕು. ಮೇಲಿನ ತುಂಡು ಹರಿದರೂ ಹರಕು ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ. ಮಷೀನಿನ ಬಿಗಿಯಾದ ಸಣ್ಣ ಹೊಲಿಗೆ ಜೀರ್ಣವಾದ ಅರಿವೆಯನ್ನು ಗೆರೆಯುದ್ದಕ್ಕೂ ತೂತುಮಾಡಿ ಇನ್ನಷ್ಟು ಬಡವಾಗಿಸುತ್ತದೆ. ಕೈಹೊಲಿಗೆ ಅರಿವೆಯೊಡನೆ ಬಾಗುತ್ತದೆ. ಹೊಸ ಅರಿವೆ ಸೇರಿಸುವುದಾದರೆ ಮೊದಲು ಒಗೆದೇ ಸೇರಿಸಬೇಕು. ಇಲ್ಲವಾದರೆ ಮುಂದೆ ಅದೊಂದೇ ಕುಗ್ಗಿ ಕೌದಿಯೆಲ್ಲ ಸುಕ್ಕಾಗುತ್ತದೆ.

ಇನ್ನು ವಿನ್ಯಾಸ. ಪದರುಗಳನ್ನು ನೆಲದ ಮೇಲೆ ಹಾಸಿ, ಸರಿಯದಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಅಂಚಿನಿಂದ ಆರಂಭಿಸಿ ನಾಲ್ಕೂ ಬದಿ ಸುತ್ತುತ್ತ ನಡುವಿಗೆ ಬರುವುದೆಂದು ಅವ್ವ ನಿಶ್ಚಯಿಸಿದಳು. ಮೂಲೆಗಳಿಗೆ ಮಾತ್ರ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ರೀತಿ. ಅವರು ಬಣ್ಣದ ಚಿಂದಿಗಳನ್ನು ತ್ರಿಕೋನವಾಗಿ ಮಡಿಚಿ ಮೂಲೆಗೆ ಹೊಲಿಯುತ್ತಾರೆ. ಅದಕ್ಕೆ ‘ಫೂಲ’ ಎನ್ನುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಮೇಲ್ಮೈಗೆ ಅವ್ವನ ಇಳಕಲ್ಲ ಸೀರೆಗಳ ತುಂಡುಗಳು. ಅಪ್ಪನ ಎರಡು ಧೋತರಗಳನ್ನು ಎಲ್ಲಿ ಇಡುವುದು? ನಡುವೆ, ಎಲ್ಲರಿಗೂ ಕಾಣುವಂತೆ ಇರಲಿ ಎಂದೆ ನಾನು.

“ಬ್ಯಾಡ. ಒಳಗ ಇರಲಿ. ಮ್ಯಾಲ ಹಾಕಿದರ ಕಣ್ಣಿಗಷ್ಟ ಆತು. ಒಳಗಿದ್ದರ ಮೈಗೆ ಬೆಚ್ಚಗ ಆಕ್ಕೈತಿ.”

ಅವ್ವನಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವುದು ನನ್ನ ಕೆಲಸವಾಯಿತು. ನೆರೆಮನೆಯ ಮರಾಠಿ ಅಜ್ಜಿ ಒಂದು ದಿನ ಇಣುಕಿ ನೋಡಿ, “ಗೋಧಡಿ!” ಎಂದು ಒಳಗೇ ಬಂದು ಕುಳಿತಳು. ಮರುದಿನ ತನ್ನದೇ ಸೂಜಿ ತಂದಳು. ಅವ್ವನಿಗೆ ಮರಾಠಿ ಬಾರದು, ಆಕೆಗೆ ಕನ್ನಡ ಬಾರದು. ಎದುರುಬದುರು ಕುಳಿತು ಇಬ್ಬರೂ ಹೊಲಿದರು. ಊರು ಬಿಟ್ಟು ಬಂದ ಮೇಲೆ ಅವ್ವ ನಕ್ಕದ್ದನ್ನು ನಾನು ಕೇಳಿದ್ದು ಆಗಲೇ.

ಕೊನೆಯ ಸಾಲನ್ನು ನನಗೆ ಬಿಟ್ಟುಕೊಟ್ಟಳು. ಅದು ಸೊಟ್ಟಗಾಯಿತು. ಬಿಚ್ಚಿ ಹೊಲಿಯಲೇ ಎಂದು ಕೇಳಿದೆ. “ಇರಲಿ ಬಿಡು, ಗಟ್ಟಿ ಐತಿ” ಎಂದಳು.

ಸೂಜಿ, ದಾರ, ಕತ್ತರಿ ಈಗ ಆ ಸ್ಟೀಲಿನ ಡಬ್ಬಿಯಲ್ಲಿವೆ. ವಾಚಕ ಬಂಧುಗಳಲ್ಲಿ ನನ್ನದೊಂದೇ ವಿನಂತಿ: ಭಾಂಡೆಯವಳನ್ನು ಕರೆಯುವ ಮುನ್ನ ಮನೆಯ ಹಿರಿಯರನ್ನೊಮ್ಮೆ ಕೇಳಿರಿ.