ಅತ್ತಿಯವರ ಕಾಲು, ನಮ್ಮ ಅಡಗಿಮನಿ ಫರಸಿ

ಇಲ್ಲೆ ಲೆಸ್ಟರ್‌ನ್ಯಾಗ ಥಂಡಿ ಸುರು ಆಗೋದರೊಳಗ ನಮ್ಮ ಅಡಗಿಮನಿ ನೆಲ ಒಡದು ಹೊಸಾದು ಹಾಕಿಸಿದ್ವಿ. "ಗೋಡಿಗೆ ರೇಡಿಯೇಟರ್ ಇತ್ತಲ್ಲ, ರೊಕ್ಕ ಹೆಚ್ಚಾಗಿತ್ತೇನು ನಿಮಗ?" ಅಂತ ಧಾರವಾಡದಿಂದ ವೈನಿ ಫೋನ್ ಮಾಡಿ ಕೇಳಿದ್ರು. ಬಾಜೂ ಮನಿ ಗುಜರಾತಿ ಮೌಶಿನೂ ಅದನ್ನ ಕೇಳಿದ್ರು. ಎಲ್ಲಾರಿಗೂ ಒಮ್ಮೆ ಹೇಳಿಬಿಡತೀನಿ, ಕೇಳ್ರಿ.

ನಮ್ಮದು ಸಣ್ಣ ಸಾಲುಮನಿ. ಕೆಳಗ ಮುಂದ ಪಡಸಾಲಿ, ಹಿಂದ ಅಡಗಿಮನಿ. ಮ್ಯಾಲ ಎರಡು ಖೋಲಿ, ಒಂದು ಬಚ್ಚಲ. ಗ್ಯಾಸಿನ ಬಾಯ್ಲರ್ ನೀರು ಕಾಸತದ, ಆ ನೀರು ಪ್ರತಿ ಖೋಲಿಯೊಳಗಿನ ಉಕ್ಕಿನ ರೇಡಿಯೇಟರ್‌ನ್ಯಾಗ ಹಾದು ತಿರುಗಿ ಬರತದ. ನಮ್ಮ ಊರ ಬಚ್ಚಲದಾಗ ಒಲಿ ಹೊತ್ತಿಸಿದಾಗ ಹಂಡೇದ ಹಿಂದಿನ ಗೋಡಿ ಬೆಚ್ಚಗ ಆಗತಿತ್ತಲ್ಲ, ಹಂಗ ಅಂತ ತಿಳಕೋರಿ.

ಮಾವನವರು ಹೋದ ಮ್ಯಾಲ ಅತ್ತಿಯವರು ನಮ್ಮ ಹತ್ರ ಇರಲಿಕ್ಕೆ ಬಂದ್ರು. ಹೋದ ವರ್ಷ ಅವರದು ಇಲ್ಲಿ ಮೊದಲನೇ ಥಂಡಿ. ಸೀರಿ ಮ್ಯಾಲ ಎರಡು ಸ್ವೆಟರ್, ಅದರ ಮ್ಯಾಲ ಶಾಲು. "ಅತ್ಯಾ, ಥಂಡಿ ಆಗತದೇನು?" ಅಂದ್ರ, "ಏನಿಲ್ಲವಾ, ನೀ ನಿನ್ನ ಕೆಲಸ ನೋಡು" ಅಂತಿದ್ರು. ನಾನೂ ನೋಡಿಕೊಂಡೆ, ನನ್ನ ಕೆಲಸಾನ.

ಜನವರಿಯೊಳಗ ಒಂದು ದಿನ ಅವರ ಕಾಲ್ಚೀಲ ತೊಳಿಲಿಕ್ಕೆ ತಗೊಂಡಾಗ ಹಸಿ ಕಲೆ ಕಾಣಿಸ್ತು. ನೋಡಿದ್ರ ಅಂಗಾಲಿನ್ಯಾಗ ದೊಡ್ಡ ಗುಳ್ಳಿ ಎದ್ದು ಒಡದದ. ಸಂಜಿ ಮುಂದ ಅಡಗಿಮನಿಯೊಳಗ ಕುರ್ಚಿ ಹಾಕಿಕೊಂಡು, ರೇಡಿಯೇಟರ್‌ಗೆ ಕಾಲು ಹಚ್ಚಿ ಕೂಡತಿದ್ರಂತ. ಅವರಿಗೆ ಸಕ್ಕರಿ ಬ್ಯಾನಿ ಬಂದು 18 ವರ್ಷ ಆತು, ಕಾಲಿಗೆ ಮುಟ್ಟಿದ್ದು ಸರಿಯಾಗಿ ಗೊತ್ತಾಗೂದಿಲ್ಲ. ನಮ್ಮ ರೇಡಿಯೇಟರ್‌ನ್ಯಾಗ ಓಡೋ ನೀರು 65–70 ಡಿಗ್ರಿ. ನಮ್ಮ ಕೈಗೆ ಚುರುಕ್ ಅಂದ್ರ ತಟ್ಟನೆ ತಗೀತೀವಿ. ಅವರಿಗೆ ಆ ಚುರುಕ್ ಇಲ್ಲ. ಆ ಗಾಯ ಮಾಯಲಿಕ್ಕೆ ಎರಡು ತಿಂಗಳ ಹಿಡೀತು. ಪಟ್ಟಿ ಕಟ್ಟೋ ನರ್ಸ್, "ಸೋಂಕು ಆಗಲಿಲ್ಲ, ನಿಮ್ಮ ಪುಣ್ಯ" ಅಂದಳು.

ಅಲ್ಲಾ, ಖೋಲಿಯೊಳಗ ರೇಡಿಯೇಟರ್ ಇದ್ದಾಗ ಇಲ್ಲಿ ಬಂದು ಯಾಕ ಕಾಲು ಕಾಸಿಕೋಬೇಕು? ಮ್ಯಾಲ ಹೋಗಿ ಮುಟ್ಟಿ ನೋಡಿದೆ. ಮಂಜಿನಂಗ ತಣ್ಣಗ. ಬಾಜೂಕ ಇರೋ ಗುಂಡಿ ಸೊನ್ನಿ ಮ್ಯಾಲ ಇತ್ತು. ಬಂದ ಹೊಸದಾಗ ಗ್ಯಾಸಿನ ಬಿಲ್ ಹಿಡಕೊಂಡು ನಾವಿಬ್ಬರೂ ಅಡಗಿಮನಿಯೊಳಗ ದನಿ ಏರಿಸಿದ್ದನ್ನ ಅವರು ಕೇಳಿದ್ರಂತ. ಅವತ್ತಿಂದ ದಿನಾ ರಾತ್ರಿ ಗುಂಡಿ ಸೊನ್ನಿಗೆ ತಿರುವಿ, ಎರಡು ಚಾದರ ಹೊಚ್ಚಿಕೊಂಡು ಮಲಗಿದ್ದಾರ. "ಒಬ್ಬಾಕಿ ಸಲುವಾಗಿ ಒಂದು ಖೋಲಿ ಯಾಕ ಕಾಸಬೇಕವಾ?" ಅಂದ್ರು. ನನಗ ಮಾತು ಹೊರಡಲಿಲ್ಲ.

ಅದೇ ಹೊತ್ತಿಗೆ ಅಡಗಿಮನಿ ಕಾಂಕ್ರೀಟ್ ನೆಲದಾಗ ಹಸಿ ಏರಿ ಫರಸಿ ಎದ್ದಿದ್ವು. ಹ್ಯಾಂಗೂ ಒಡೀಬೇಕಾಗಿತ್ತು. ಒಡದ ಮ್ಯಾಲ ಕೆಳಗ ಬಿಸಿನೀರಿನ ನಳಿಗಿ ಹಾಸಿಬಿಡೋಣು ಅಂತ ನಾನು. ರೇಡಿಯೇಟರ್‌ಗೆ ಕಟ್ಟಿಗಿ ಜಾಳಿಗಿ ಹಾಕಿದ್ರ ಸಾಕು, ಮೂರು ಪಟ್ಟು ಖರ್ಚು ಯಾಕ ಅಂತ ನಮ್ಮ ಮನಿಯವರು. ಅವರ ಮಾತು ತಪ್ಪಲ್ಲ. ಇಡೀ ಮನಿಗೆ ಮಾಡಿಸೋದು ನಮ್ಮ ಕೈಲೆ ಆಗೋ ಮಾತಲ್ಲ, ಕೂಡಿದ್ದ ಮನಿಯೊಳಗ ಪಡಸಾಲಿ ಕಟ್ಟಿಗಿ ನೆಲ ಕಿತ್ತೋದೂ ಸುಮ್ಮನಲ್ಲ.

ನಳದ ಕೆಲಸದಂವ ಬಂದು ಎರಡೂ ಕಡೆ ಹೇಳಿದ. ರೇಡಿಯೇಟರ್ ಹಚ್ಚಿದ ಅರ್ಧ ತಾಸಿನ್ಯಾಗ ಖೋಲಿ ಬೆಚ್ಚಗ ಆಗತದ. ನೆಲಕ್ಕ ತಾಸುಗಟ್ಟಲೆ ಬೇಕು, ಆದರ ಆರಿಸಿದ ಮ್ಯಾಲೂ ಕಾವು ಉಳೀತದ. ನೆಲದ ನಳಿಗಿಯೊಳಗ 40 ಡಿಗ್ರಿ ಸುತ್ತಮುತ್ತಿನ ನೀರು ಸಾಕು. ಬಾಯ್ಲರಿನ ಬಿಸಿನೀರಿಗೆ ನೆಲದಿಂದ ಆರಿ ತಿರುಗಿ ಬಂದ ನೀರು ಬೆರೆಸಿ ಬಿಡೋ ಒಂದು ವಾಲ್ವ್ ಕೂಡಿಸಬೇಕು. ಮ್ಯಾಲಿನ ಫರಸಿ 29 ಡಿಗ್ರಿ ದಾಟಬಾರದು. ಕೆಳಗ ಕಾವು ಇಳೀದಂಗ ದಪ್ಪನ್ನ ಹಲಗಿ ಹಾಕಲೇಬೇಕು, ಇಲ್ಲಂದ್ರ ಮಣ್ಣು ಕಾಸಿದಂಗ. ಕರೆಂಟಿನ ತಂತಿ ಹಾಸೋದು ಅಗ್ಗ, ಆದರ ಇಲ್ಲೆ ಕರೆಂಟು ಗ್ಯಾಸಿಗಿಂತ ಭಾಳ ತುಟ್ಟಿ, ದಿನಾ ಹಚ್ಚಿದ್ರ ಬಿಲ್ ನೋಡಲಿಕ್ಕೆ ಆಗೂದಿಲ್ಲ.

29 ಡಿಗ್ರಿ ಅನ್ನೋದು ಕೇಳಿದ ಕೂಡಲೆ ನನ್ನ ಮನಸ್ಸು ಗಟ್ಟಿ ಆತು. ಅತ್ತಿಯವರು ದಿನಾ ಅದರ ಮ್ಯಾಲ ಕೂತರೂ ಗುಳ್ಳಿ ಏಳೂದಿಲ್ಲ. ನಮ್ಮ ಮನಿಯವರೂ ಕಡೀಕ ಹೂಂ ಅಂದ್ರು. ಅಡಗಿಮನಿಗೆ ಅಷ್ಟ ನೆಲದ ಕಾವು, ಪಡಸಾಲಿಗೆ, ಮ್ಯಾಲಿನ ಖೋಲಿಗೆ ರೇಡಿಯೇಟರ್ ಹಂಗ ಇರಲಿ. ಮಲಗೋ ಖೋಲಿಗೆ ಅದೇ ಛಲೋ, ರಾತ್ರಿ ಒಂದು ತಾಸು ಹಚ್ಚಿದ್ರ ಸಾಕು. ಅತ್ತಿಯವರ ಖೋಲಿಯ ರೇಡಿಯೇಟರ್‌ಗೆ ಜಾಳಿಗಿನೂ ಹಾಕಿಸಿದ್ವಿ.

ಬ್ಯಾಸಿಗಿಯೊಳಗ ಕೆಲಸ ಸುರು ಮಾಡಿದ್ದು ಛಲೋ ಆತು. ನಳಿಗಿ ಮ್ಯಾಲ ಹಾಕಿದ ಸಿಮೆಂಟಿನ ಗಿಲಾವ್ ಆರಲಿಕ್ಕೆ ಎರಡು ತಿಂಗಳ ಮ್ಯಾಲ ಹೋತು. ಅವಸರ ಮಾಡಿ ಬಿಸಿನೀರು ಬಿಟ್ರ ಬಿರುಕು ಬಿಡತದಂತ. ಅಲ್ಲಿ ತನಕ ಪಡಸಾಲಿಯೊಳಗ ಕರೆಂಟಿನ ಒಲಿ ಮ್ಯಾಲ ಅಡಗಿ. ಮಾಡಿಸೋರು ಇದ್ರ ಇದನ್ನ ಲೆಕ್ಕಕ್ಕ ಹಿಡೀರಿ. ಇನ್ನೊಂದು, ಮಕ್ಕಳ ಸಾಲಿ ಅರಿವಿ ಒಣಗಿಸಲಿಕ್ಕೆ ಅಡಗಿಮನಿ ರೇಡಿಯೇಟರ್ ಇಲ್ಲದ್ದು ನನಗ ದಿನಾ ನೆನಪಾಗತದ. ನೆಲಕ್ಕ ಮೊಳೆ ಹೊಡೆಯೋ ಹಂಗೂ ಇಲ್ಲ, ದಪ್ಪ ಜಮಖಾನಿ ಹಾಸೋ ಹಂಗೂ ಇಲ್ಲ.

ಈಗ ಅತ್ತಿಯವರು ಊರಾಗಿನಂಗ ಗೋಡಿಗೆ ಬೆನ್ನು ಹಚ್ಚಿ ನೆಲದ ಮ್ಯಾಲ ಕೂತು ಮೆಂತೆ ಸೊಪ್ಪು ಬಿಡಸತಾರ. ಮೊದಲನೇ ದಿನ ಕೂತವರು ಸುತ್ತಲೂ ನೋಡಿ, "ಇದರ ಗುಂಡಿ ಎಲ್ಲೆ ಅದ?" ಅಂತ ಕೇಳಿದ್ರು. "ಗೋಡಿ ಮ್ಯಾಲ ಅದ ಅತ್ಯಾ. ಆದರ ನೀವು ಆರಿಸಿದ್ರೂ ಎರಡು ತಾಸು ಬೆಚ್ಚಗ ಇರತದ" ಅಂದೆ. ನಕ್ಕರು. ಅವರು ಇಲ್ಲಿ ಬಂದ ಮ್ಯಾಲ ಹಂಗ ನಕ್ಕಿದ್ದು ನಾ ನೋಡಿದ್ದಿಲ್ಲ.

ವೈನಿ, ರೊಕ್ಕ ಹೆಚ್ಚಾಗಿರಲಿಲ್ಲ. ಬಿಲ್ಲಿನ ಮಾತು ಈಗೂ ಆಡತೀವಿ, ಅವರ ಮುಂದನ ಆಡತೀವಿ, ಎಷ್ಟು ಬಂತು ಅಂತ ಅವರಿಗೂ ತೋರಸತೀವಿ. ರಾತ್ರಿ ಅವರ ಖೋಲಿ ಗುಂಡಿ ನಾನ ಮೂರರ ಮ್ಯಾಲ ಇಟ್ಟು ಬರತೀನಿ. ಮುಂಜಾನೆ ನೋಡಿದ್ರ ಎರಡರ ಮ್ಯಾಲ ಇರತದ. ಇರಲಿ, ಸೊನ್ನಿ ಅಂತೂ ಅಲ್ಲ.