ಲ್ಯಾಪ್‌ಟಾಪ್ ಬ್ಯಾಟರಿ ಟ್ರ್ಯಾಕ್ಟರ್ ಬ್ಯಾಟರಿ ಅಲ್ಲ

ಇವತ್ತು ಬೆಳೆ ವಿಷಯ ಅಲ್ಲ, ಮಕ್ಕಳ ಲ್ಯಾಪ್‌ಟಾಪ್ ವಿಷಯ. ಈಗ ಸುಮಾರು ಮನೆಗಳಲ್ಲಿ ಇದೆ, ಸಾಲ ಮಾಡಿ ತಂದವರೂ ಇದ್ದೀವಿ.

ಟ್ರ್ಯಾಕ್ಟರಿಂದು, ಮನೆ ಯುಪಿಎಸ್ಸಿಂದು ಆಸಿಡ್ ಬ್ಯಾಟರಿ. ಖಾಲಿ ಬಿಟ್ರೆ ಕೆಡುತ್ತೆ, ಫುಲ್ ಇದ್ರೇನೇ ಒಳ್ಳೇದು. ಲ್ಯಾಪ್‌ಟಾಪಿಂದು ಲಿಥಿಯಂ. ಇದಕ್ಕೆ ಬಿಸಿ ಆಗಿಬರಲ್ಲ, ದಿನವಿಡೀ ನೂರಕ್ಕೆ ನೂರು ಚಾರ್ಜಲ್ಲಿ ಇರೋದೂ ಆಗಿಬರಲ್ಲ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗೋ ಹೊತ್ತಿಗೆ ಶಕ್ತಿ 80 ಪರ್ಸೆಂಟಿಗೆ ಇಳಿಯುತ್ತೆ. ಸೆಟ್ಟಿಂಗ್‌ನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸೋ ಸೌಲಭ್ಯ ಇದ್ರೆ ಹಾಕಿಕೊಳ್ಳಿ. ಹಾಸಿಗೆ ಮೇಲಿಟ್ಟು ಬಳಸೋದು ಬೇಡ, ಗಾಳಿ ಕಿಂಡಿ ಮುಚ್ಚಿ ಬಿಸಿ ಏರುತ್ತೆ.

ನನ್ನ ಮಗಳ ಲ್ಯಾಪ್‌ಟಾಪ್ ಮೂರನೇ ವರ್ಷಕ್ಕೆ ಟಚ್‌ಪ್ಯಾಡ್ ಹತ್ರ ಉಬ್ಬಿತು. ಅವಳು ಕಾಲೇಜಿಗೆ ಪ್ರಾಜೆಕ್ಟ್ ಕೊಡೋಕೆ ವಾರ ಇತ್ತು. ಕಂಪನಿ ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡದೇನೇ ಮದರ್‌ಬೋರ್ಡೂ ಹೋಗಿದೆ ಅಂದ್ರು. "ಹಂಗಾದ್ರೆ ಜಾಬ್ ಶೀಟಲ್ಲಿ ಬರೆದು ಸಹಿ ಹಾಕಿ ಕೊಡಿ ಸಾರ್" ಅಂದೆ. ಆಮೇಲೆ ಬಿಚ್ಚಿದ್ರು. ಹೋಗಿದ್ದು ಬರೀ ಬ್ಯಾಟರಿ. ಹೊಸದು ಹಾಕಿದ ಮೇಲೆ ಚೆನ್ನಾಗೇ ಓಡ್ತಿದೆ.

ಉಬ್ಬಿದ್ದು ಕಂಡ್ರೆ ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ಕೊಳ್ಳಬಹುದು. ತಗೊಳ್ಳುವಾಗ ಬ್ಯಾಟರಿಗೆ ವಾರಂಟಿ ಎಷ್ಟು ಅಂತ ಪ್ರತ್ಯೇಕ ಕೇಳಿ, ಬಹಳ ಕಡೆ ಒಂದೇ ವರ್ಷ ಇರುತ್ತೆ. ಬಿಲ್, ಜಾಬ್ ಶೀಟ್ ಪಹಣಿ ಜೊತೆಗೇ ಜೋಪಾನ ಮಾಡಿ. ಕಂಪನಿಯವರು ಸತಾಯಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳಬಹುದು. ಬಾಯಿ ಮಾತು ನಂಬಬೇಡಿ, ಬರೆಸಿಕೊಳ್ಳಿ.