ಮಣಿ ನೋಡುವ ಕಣ್ಣು

ಮುಂಬೈಯ ಭುಲೇಶ್ವರದ ಗಲ್ಲಿಗಳಲ್ಲಿ ಸರ ಮಾಡಲು ಮಣಿ ಕೊಳ್ಳುವಾಗ ನಾನು ಬಣ್ಣಕ್ಕಿಂತ ಮೊದಲು ತೂತು ನೋಡುತ್ತೇನೆ. ಗಾಜಿನ ಮಣಿಯ ತೂತಿನ ಅಂಚು ಚೂಪಾಗಿದ್ದರೆ ದಾರ ಸವೆದು, ಸರ ಯಾರದೋ ಕೊರಳಲ್ಲೇ ಹರಿಯುತ್ತದೆ.

ಮಗಳಿಗೆ ಸೀಲಿಯಾಕ್ ಎಂದು ಗೊತ್ತಾದ ಮೇಲೆ ಇದೇ ಕಣ್ಣು ಅಡುಗೆಮನೆಗೂ ಬಂತು. ಗೋಧಿ, ಮೈದಾ, ರವೆ ಬಿಟ್ಟರೆ ಸಾಲದು; ಡಬ್ಬಿಯ ಇಂಗಿನಲ್ಲೂ ಎಷ್ಟೋ ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಮಂಡ್ಯದಿಂದ ಅಮ್ಮ ಕಳಿಸುವ ರಾಗಿಯನ್ನು ಮಿಕ್ಸಿಯಲ್ಲೇ ಪುಡಿ ಮಾಡುತ್ತೇನೆ. ಚಕ್ಕಿಯಲ್ಲಿ ಗೋಧಿಯನ್ನೂ ಬೀಸುತ್ತಾರೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಅಂಟೂ ಇಲ್ಲ. ಬೆಣ್ಣೆ, ಬೆಲ್ಲ ಹಾಕಿ ಬೇಯಿಸಿದ ಕುಕೀಯನ್ನು ಬಿಸಿಯಲ್ಲಿ ಮುಟ್ಟಿದರೆ ಪುಡಿಪುಡಿ. ಆರುವವರೆಗೆ ಕಾಯಬೇಕು.

ಮೊನ್ನೆ ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬ, ಎಲ್ಲರಿಗೂ ಕೇಕ್. ಸಂಜೆ ಮಗಳು ಖಾಲಿ ಡಬ್ಬಿ ಕೈಗಿಟ್ಟು ಹೇಳಿದಳು: "ಇವತ್ತು ಎಲ್ಲರ ಜೊತೆ ನಾನೂ ತಿಂದೆ ಅಮ್ಮ."